ಸ್ಪ್ರೇ ಪಂಪಿನ ಪೆಟ್ರೋಲು, ಮೊಮ್ಮಗಳ ಇಂಜೆಕ್ಟರು

ನನ್ನ ಮೊಮ್ಮಗಳು ಗಾಡಿಯ ಎಂಜಿನ್ ಬಿಚ್ಚಿ ಜೋಡಿಸುತ್ತಾಳೆ ಎಂಬುದನ್ನು ಯಾರೂ ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ. ಬಸವಕಲ್ಯಾಣದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಕಟಿಂಗ್ ಅಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿದ್ದಾಗಲೂ ಹೇಳಿದ್ದೇನೆ. ಇವತ್ತು ಬರೆದೇಬಿಡೋಣ ಎಂದು ಕೂತೆ.

ಅವಳು ಐಟಿಐ ಮುಗಿಸಿ ಹುಮನಾಬಾದಿನ ಒಂದು ಗ್ಯಾರೇಜು ಸೇರಿದಳು. ಅಲ್ಲಿಯ ಹಿರಿಯ ಮೆಕ್ಯಾನಿಕ್ಕು ಉಸ್ತಾದರು ಒಳ್ಳೆಯ ಮನುಷ್ಯ. ಆದರೆ ಆರು ತಿಂಗಳಾದರೂ ಅವಳಿಗೆ ಆಯಿಲ್ ಬದಲಿಸುವುದು, ಚೈನು ಬಿಗಿ ಮಾಡುವುದು, ಅಷ್ಟೇ ಕೆಲಸ. ಇಂಜೆಕ್ಟರ್ ಇರುವ ಹೊಸ ಗಾಡಿಗಳನ್ನು ಮುಟ್ಟಗೊಡುತ್ತಿರಲಿಲ್ಲ. ಅವಳ ಜೀವವೆಲ್ಲ ಅವುಗಳ ಮೇಲೆಯೇ. ಊಟಕ್ಕೆ ಕೂತರೂ ಅದೇ ಮಾತು.

ಅಷ್ಟರಲ್ಲಿ ನನ್ನ ಬೈಕು ಕೆಟ್ಟಿತು. ಹುಮನಾಬಾದಿಗೆ ಒಯ್ಯೋಣವೆಂದು ಹೊರಟರೆ ದಾರಿಯಲ್ಲಿ ರಾಜೇಶ್ವರ ದಾಟುವುದರೊಳಗೆ ಮೂರು ಸಲ ಕೆಮ್ಮಿ ನಿಂತಿತು. ಹೇಗೋ ಗ್ಯಾರೇಜು ಮುಟ್ಟಿಸಿದೆ. ಉಸ್ತಾದರು ಒಮ್ಮೆ ಕಿವಿಗೊಟ್ಟು, "ಇಂಜೆಕ್ಟರ್ ಹೋಗ್ಯದ್ರಿ ಮುತ್ಯಾ, ಹೊಸಾದು ಹಾಕಬೇಕು" ಅಂದರು.

"ಉಸ್ತಾದ್, ಅದಕ್ಕಿಂತ ಮೊದಲು ನಾ ಒಂದ್ ಸಲ ನೋಡ್ಲೇನ್ರಿ?" ಅಂದಳು ಮೊಮ್ಮಗಳು.

ಅವರು ನನ್ನ ಕಡೆ ನೋಡಿ ನಕ್ಕರು. "ನೋಡು ಬೇಟಿ. ಕೆಟ್ಟರೂ ನಿಮ್ಮ ಮುತ್ಯಾಂದೇ ಗಾಡಿ. ಸರಿ ಮಾಡಿದೆಂದ್ರ ನಾಳಿಂದ ಇಂಥಾ ಗಾಡಿ ಎಲ್ಲಾ ನಿನ್ನ ಕೈಯಾಗ."

ನಾನು ಬಗ್ಗಿ ನೋಡಿದೆ. ಅವಳು ಬಿಚ್ಚಿ ತೆಗೆದದ್ದು ಹೆಬ್ಬೆರಳಿನಷ್ಟು ವಸ್ತು.

"ಇಷ್ಟೇ ಏನವ್ವಾ?"

"ಇಷ್ಟೇ. ಒಳಗ ಒಂದು ಸೂಜಿ ಅದ ಮುತ್ಯಾ. ಸುತ್ತಿದ ತಂತಿಗಿ ಕರೆಂಟ್ ಬಂತಂದ್ರ ಅದು ಅಯಸ್ಕಾಂತ ಆಗಿ ಸೂಜಿ ಮ್ಯಾಲ ಎಳೀತದ. ಟ್ಯಾಂಕಿನ ಪಂಪು ಒತ್ತಿ ಕಳಿಸಿದ ಪೆಟ್ರೋಲು ಸಣ್ಣ ತೂತಿನಾಗಿಂದ ಹಾರತದ. ಕರೆಂಟ್ ನಿಂತ್ರ ಸ್ಪ್ರಿಂಗು ಮುಚ್ಚತದ."

"ಎಷ್ಟೊತ್ತು ತೆರೀಬೇಕಂತ ಯಾರ ಹೇಳ್ತಾರ?"

"ಸಣ್ಣ ಕಂಪ್ಯೂಟರ್ ಅದ. ಗಾಳಿ ಎಷ್ಟು ಒಳಗ ಹೋಗಾಕತ್ತದ, ಎಂಜಿನ್ ಎಷ್ಟು ಕಾದದ, ಎಲ್ಲಾ ನೋಡಿ ಹೇಳ್ತದ. ನೀ ಕಣ್ಣು ಮುಚ್ಚಿ ತೆರೆಯೂದರಾಗ ಎಷ್ಟೋ ಸಲ ಆಗಿ ಹೋಗಿರ್ತದ."

ಇಂಜೆಕ್ಟರಿಗೆ ಬ್ಯಾಟರಿಯ ಎರಡು ವೈರು ತಾಗಿಸಿ, ತೊಳೆಯುವ ಔಷಧವನ್ನು ಅದರೊಳಗೆ ಒತ್ತಿದಳು. ಟಿಕ್ ಟಿಕ್ ಅಂತು. ಗಾಜಿನ ಬಾಟಲಿಯೊಳಗೆ ಕೂಸಿನ ಜೊಲ್ಲಿನಂತೆ ಹನಿ ಇಳಿಯಿತು. ಮತ್ತೆ ಮತ್ತೆ ತೊಳೆದಳು. ಕೊನೆಗೆ ತೊಗರಿಗೆ ಔಷಧ ಹೊಡೆಯುವಾಗ ಬರುತ್ತದಲ್ಲ, ಅಂಥ ಮಂಜು ಚಿಮ್ಮಿತು! ನಾನು ಚಪ್ಪಾಳೆ ಹೊಡೆದೆ.

ಅವಳು ಮಾತ್ರ ನಗಲಿಲ್ಲ. ಪ್ಲಗ್ ಬಿಚ್ಚಿದಳು. ಅದರ ಮೂತಿಗೆಲ್ಲ ಕಪ್ಪು ಜಿಡ್ಡು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದಳು.

"ಮುತ್ಯಾ, ಇದರಾಗ ಏನ್ ಹಾಕೀದಿ?"

ನಾನು ಗ್ಯಾರೇಜಿನ ತಗಡು ನೋಡತೊಡಗಿದೆ. ಮೋರಖಂಡಿಯ ನಮ್ಮ ಹೊಲದಲ್ಲಿ ಬೆಳೆಗೆ ಔಷಧ ಹೊಡೆಯುವ ಪೆಟ್ರೋಲಿನ ಸ್ಪ್ರೇ ಪಂಪು ಇದೆ. ಅದಕ್ಕೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಸುಗ್ಗಿ ಮುಗಿದ ಮೇಲೂ ಡಬ್ಬಿಯಲ್ಲಿ ಒಂದಿಷ್ಟು ಉಳಿದಿತ್ತು. ನನ್ನ ಹಳೆಯ ಮೊಪೆಡ್ಡು ಅಂಥದನ್ನೇ ವರ್ಷಗಟ್ಟಲೆ ಕುಡಿದು ಓಡಿತ್ತು. ಚೆಲ್ಲಲು ಮನಸ್ಸಾಗದೆ, ತಲೆಗೆ ಸುತ್ತುವ ವಸ್ತ್ರದಲ್ಲಿ ಸೋಸಿ ಬೈಕಿಗೆ ಸುರಿದಿದ್ದೆ.

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಎಂಟು ದಿನಕ್ಕೆ ಗಾಡಿ ಮತ್ತೆ ಕೆಮ್ಮಿದರೆ ಉಸ್ತಾದರು ಅವಳ ಕೈಗುಣ ಅನ್ನುತ್ತಿದ್ದರು.

"ಸ್ಪ್ರೇ ಪಂಪಿಂದು ಉಳದಿತ್ತವ್ವಾ" ಅಂದೆ.

"ಯಾಕ ಮುತ್ಯಾ, ಗಾಡಿಗಿ ಹುಳಾ-ಕೀಡಿ ಹತ್ತಿತ್ತೇನು?" ಉಸ್ತಾದರು ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟಳು. "ಆ ಆಯಿಲ್ಲೇ ಇಂಜೆಕ್ಟರಿನ ತೂತು ಕಟ್ಟೇದ, ಪ್ಲಗ್ಗಿಗೂ ಹತ್ಯದ. ಇನ್ನ ಆ ಡಬ್ಬಿ ಗಾಡಿ ಸನೇಕ ತರಬ್ಯಾಡ. ತಿಳೀತಿಲ್ಲೋ?"

"ತಿಳೀತವ್ವಾ."

ಟ್ಯಾಂಕು ಖಾಲಿ ಮಾಡಿ ತೊಳೆದಳು. ಹೊಸ ಪ್ಲಗ್, ಹೊಸ ಪೆಟ್ರೋಲು ಹಾಕಿ ಅದೇ ಇಂಜೆಕ್ಟರನ್ನು ಕೂರಿಸಿದಳು. ಬಟನ್ ಒತ್ತಿದ ಒಂದೇ ಸಲಕ್ಕೆ ಗಾಡಿ ಶುರುವಾಯಿತು. ಉಸ್ತಾದರು ಅದನ್ನು ರಸ್ತೆಯ ಮೇಲೆ ದೂರದವರೆಗೂ ಓಡಿಸಿಕೊಂಡು ಬಂದರು. ನಗಲೂ ಇಲ್ಲ, ಹೊಗಳಲೂ ಇಲ್ಲ. ಮೂಲೆಯಲ್ಲಿದ್ದ ಗಿರಾಕಿಯೊಬ್ಬರ ಹೊಸ ಗಾಡಿಯನ್ನು ತಳ್ಳಿಕೊಂಡು ಬಂದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟರು.

"ಇದೂ ನೋಡು ಬೇಟಿ. ಮುಂಜಾನಿ ಪೂರಾ ಝಟಕಾ ಹೊಡಿತದಂತ."

ನನ್ನ ಕಣ್ಣು ತುಂಬಿದವು. ತಲೆ ಸವರೋಣ ಎಂದು ಹತ್ತಿರ ಹೋದೆ. ಅವಳು ಆಗಲೇ ಗಾಡಿಯ ಬದಿಗೆ ಮೊಣಕಾಲೂರಿದ್ದಳು.

"ಮುತ್ಯಾ, ಆ ಕಡಿ ಸರಿ. ಬೆಳಕಿಗಿ ಅಡ್ಡ ನಿಂತೀದಿ."

ಸರಿದು ನಿಂತೆ.