ನ್ಯೂಟ್ರಲ್ ಪಾಟೀಲಬಾಬು

ಪೆಟ್ಟಿಗೆಯ ಮುಚ್ಚಳ ತೆಗೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕೋಲ್ಕತ್ತಾದಲ್ಲಿ ಚಳಿಗಾಲ ಬಂತೆಂದು ಮೊದಲು ಹೇಳುವುದು ಈ ವಾಸನೆಯೇ. ಸ್ವೆಟರುಗಳ ಕೆಳಗೆ ಅಪ್ಪನ ಮಂಕಿ ಕ್ಯಾಪ್ ಸಿಕ್ಕಿತು. ಈ ಊರಿನಲ್ಲಿ ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಗಂಡಸರೆಲ್ಲ ಇದರೊಳಗೆ ಹೊಕ್ಕುಬಿಡುತ್ತಾರೆ. ಧಾರವಾಡದ ಕಡೆಯಿಂದ ಬಂದ ಅಪ್ಪ ಬಂಗಾಳಿಗಳಿಂದ ಕಲಿತ ಮೊದಲ ವಿದ್ಯೆ ಇದು. ಭಾಷೆ ಆಮೇಲೆ ಬಂತು, ಅದೂ ಅರೆಬರೆ. ಈ ಟೋಪಿ ಒಮ್ಮೆ ರೇಡಿಯೋದಲ್ಲಿ ಕಾರ್ಯಕ್ರಮ ಕೊಟ್ಟಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಗರಿಯಾಹಾಟ್‌ನಿಂದ ಆಟೋ ಹಿಡಿದು ಸ್ವಲ್ಪ ದೂರ ಹೋದರೆ ನಮ್ಮ ಓಣಿ. ಇಲ್ಲಿಯವರು ಪಾಡಾ ಅನ್ನುತ್ತಾರೆ. ಪಾಡಾದವರಿಗೆ ಜಗಳವೆಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಫುಟ್‌ಬಾಲ್, ಮೀನು, ಚುನಾವಣೆ, ಯಾವುದಾದರೂ ಆದೀತು. ಬೆಳಿಗ್ಗೆ ಚಹದಂಗಡಿಯಲ್ಲಿ ಕೂಗಾಡಿದವರು ಸಂಜೆ ಒಬ್ಬರ ಮನೆಯ ಕಟ್ಟೆಯ ಮೇಲೆ ಇನ್ನೊಬ್ಬರು ಕೂತಿರುತ್ತಾರೆ. ಅಪ್ಪ ಮಾತ್ರ ಈ ಲೆಕ್ಕಕ್ಕೆ ಸೇರಿದವರಲ್ಲ. ರೈಲ್ವೆ ಆಫೀಸಿನ ನೌಕರಿ, “ನಮಗ್ಯಾಕ ಬೇಕು ಊರ ಉಸಾಬರಿ” ಅನ್ನುವ ಸ್ವಭಾವ. ಅದಕ್ಕೇ ಎಲ್ಲದಕ್ಕೂ ಅವರೇ ಬೇಕು. ಕ್ಲಬ್ಬಿನ ಚುನಾವಣೆಯಲ್ಲಿ ಮತ ಎಣಿಸಲು ಅಪ್ಪ, ದುರ್ಗಾಪೂಜೆಯ ದಿನಗಳಲ್ಲಿ ಮಕ್ಕಳ ಚಿತ್ರಸ್ಪರ್ಧೆಗೆ ತೀರ್ಪು ಕೊಡಲು ಅಪ್ಪ. “ಪಾಟೀಲಬಾಬು ಹೊರಗಿನವರು, ನ್ಯೂಟ್ರಲ್” ಎಂದು ಎಲ್ಲರದೂ ಒಂದೇ ಮಾತು. ಅಪ್ಪನಿಗೆ ಒಳಗೊಳಗೇ ಹೆಮ್ಮೆ. ಇಡೀ ಓಣಿಯಲ್ಲಿ ಅವರಿಗಿದ್ದ ಸ್ಥಾನ ಅದೊಂದೇ ತಾನೆ? ಅವ್ವ ಸಿಡುಕುತ್ತಿದ್ದಳು: “ಏನ್ ನ್ಯೂಟ್ರಲ್ಲೋ! ಬೀಗರಿಗೆ ಕೊಟ್ಟಂಗ ಮರ್ಯಾದಿ ಕೊಡ್ತಾರ. ಒಂದ ದಿನಾನರ ಮನಿಮಂದಿ ಹಂಗ ಬೈದಾರೇನು?”

ಓಣಿಯ ನಡುವೆ ಒಂದು ಪುಕುರ್ ಇದೆ, ಅಂದರೆ ಕೊಳ. ಅದನ್ನು ಮುಚ್ಚಿ ಮದುವೆ-ಮುಂಜಿಗೆ ಒಂದು ಹಾಲ್ ಕಟ್ಟಿಸಬೇಕೆಂದು ಕ್ಲಬ್ಬಿನ ಕಾರ್ಯದರ್ಶಿ ಬಿಶುಬಾಬು ಹಟ ಹಿಡಿದರು. ಮುಚ್ಚಿದರೆ ಮಳೆನೀರು ನೇರ ನಿಮ್ಮ ಅಡುಗೆಮನೆಗೇ ಬರುತ್ತದೆ ಎಂದು ನಿವೃತ್ತ ಇತಿಹಾಸ ಟೀಚರ್ ಮಾಲತಿದಿ ಮನೆಮನೆಗೆ ಹೋಗಿ ಹೇಳಿದರು. ಮುಂದಿನ ವಾರ ಕ್ಲಬ್ಬಿನ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ. ಅದಕ್ಕೂ ಮೊದಲು ರೇಡಿಯೋದಲ್ಲಿ ಚರ್ಚೆ.

ಹತ್ತಿರದ ಕಾಲೇಜೊಂದರ ಮಹಡಿಯ ಮೇಲೆ ಪುಟ್ಟ ರೇಡಿಯೋ ಕೇಂದ್ರವಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ನೆರೆಹೊರೆಯವರ ಮಾತುಕತೆ ನಡೆಯುತ್ತದೆ. ವಾರ್ಡಿನ ರಾಜಕೀಯ, ಹಳೆಯ ಮನೆಗಳ ಚರಿತ್ರೆ, ಮರ, ಕಸ, ಮತದಾನ. ಕೇಳುವವರು ಅಷ್ಟಕ್ಕಷ್ಟೇ. ಆದರೆ ಪುಕುರಿನ ವಿಷಯವೆಂದು ಗೊತ್ತಾದಾಗ ಪಾಡಾಕ್ಕೆ ಪಾಡಾವೇ ಕಿವಿ ನೆಟ್ಟು ಕೂತಿತು. ಮಾತುಕತೆ ನಡೆಸಿಕೊಡಲು ಎರಡೂ ಕಡೆಯವರು ಒಪ್ಪಿದ್ದು ಯಾರನ್ನೆಂದು ಬೇರೆ ಹೇಳಬೇಕೆ?

ಸ್ಟುಡಿಯೋದ ಏಸಿಗೆ ಹೆದರಿ ಅಪ್ಪ ಟೋಪಿ ಹಾಕಿಕೊಂಡೇ ಹೋದರು. “ದಾದಾ, ಟೋಪಿ ಸ್ವಲ್ಪ ಸರಿಸಿ, ಧ್ವನಿ ಬರುತ್ತಿಲ್ಲ” ಎಂದು ನಿರೂಪಕಿ ಅಂದದ್ದೂ ಪ್ರಸಾರವಾಯಿತು. ಅವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ನಾನು ರೇಡಿಯೋದ ಪಕ್ಕ.

ಕೊಳವನ್ನು ತೋಡಿಸಿದ್ದು ತಮ್ಮ ಅಜ್ಜ ಎಂದರು ಮಾಲತಿದಿ. “ತೋಡಿಸಿದ್ದು ನಿಮ್ಮಜ್ಜ. ತೋಡಿದ್ದು ನಮ್ಮಜ್ಜ!” ಎಂದರು ಬಿಶುಬಾಬು. “ಸತ್ತವರ ಮಾತು ಸಾಕು. ಬದುಕಿರುವವರ ಮದುವೆ ಎಲ್ಲಿ ಮಾಡೋದು, ಅದನ್ನ ಹೇಳಿ.” ನನಗೂ ಅದು ನ್ಯಾಯವೆನಿಸಿತು. ಅಪ್ಪ “ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ” ಎನ್ನುತ್ತಲೇ ಇದ್ದರು. ಕೊನೆಗೆ ನಿರೂಪಕಿ, “ಪಾಟೀಲಬಾಬು, ನ್ಯೂಟ್ರಲ್ ಆಗಿ ನೀವೊಂದು ಮಾತು ಹೇಳಿ ಮುಗಿಸಿ” ಎಂದಳು.

ಕೆಟ್ಟುಹೋಯಿತೆಂದುಕೊಂಡು ಅವ್ವ ಹಿಟ್ಟಿನ ಕೈಯಲ್ಲೇ ರೇಡಿಯೋಕ್ಕೊಂದು ಮೊಟಕಿದಳು. ಆಮೇಲೆ ಅಪ್ಪನ ಹರಕುಮುರುಕು ಬಂಗಾಳಿ ಬಂತು: “ಪ್ರತಿ ವರ್ಷ ಚೌತಿಯ ಗಣಪತಿಯನ್ನ ನಾನು ಆ ಪುಕುರಿಗೇ ಬಿಟ್ಟಿದ್ದೀನಿ. ಊರಲ್ಲಿ ನಮಗೆ ಬಾವಿ ಇತ್ತು. ಇಲ್ಲಿ ನನಗಿರೋದು ಅದೊಂದೇ ನೀರು. ನಮ್ಮ ಮನೆ ದೇವರೆಲ್ಲ ಅದರ ತಳದಲ್ಲಿದ್ದಾರೆ. ನಾನು ಹೇಗೆ ನ್ಯೂಟ್ರಲ್? ಅದನ್ನ ಮುಚ್ಚಬೇಡಿ.”

“ಅಯ್ಯ ಶಿವನ! ಮುಗೀತು ಇವರ ಕಥಿ!” ಎಂದಳು ಅವ್ವ. ಇನ್ನು ನಮ್ಮನ್ನು ಯಾರು ಕರೆದಾರು ಎಂದು ನನಗೂ ಹೆದರಿಕೆಯಾಯಿತು.

ಅಪ್ಪ ಟೋಪಿ ಕೈಯಲ್ಲಿ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದರು. “ತಪ್ಪ ಮಾಡಿದ್ನೇನ?” ಎಂದು ಕೇಳಿ ಕೂರುವಷ್ಟರಲ್ಲಿ ಬಿಶುಬಾಬು ಬೆಲ್ ಕೂಡ ಒತ್ತದೆ ಒಳಗೆ ನುಗ್ಗಿದರು.

“ನಡುವೆ ಕೂರಿಸಿದ್ದು ಇದಕ್ಕಾ? ಇಷ್ಟು ವರ್ಷ ಕ್ಲಬ್ಬಿನ ಚಹಾ ಕುಡಿದು ಹೀಗೆ ಕೈ ಕೊಡೋದಾ? ನಾಚಿಕೆ ಆಗಲ್ವಾ ನಿಮಗೆ?”

ಅವರ ಹಿಂದೆಯೇ ಏದುಸಿರು ಬಿಡುತ್ತ ಮಾಲತಿದಿ. ಇವರಾದರೂ ಹೊಗಳಿಯಾರು ಎಂದುಕೊಂಡೆ. “ಬಣ್ಣ ಬಳಿದ ಗಣೇಶನನ್ನ ಕದ್ದುಮುಚ್ಚಿ ತಂದು ನಮ್ಮ ಪುಕುರಿಗೆ ಹಾಕ್ತಿದ್ರಾ? ಮೀನಿನ ಗತಿ ಏನು?”

“ಬರೇ ಮಣ್ಣಿಂದರೀ! ಕಣ್ಣಿಗಷ್ಟ ಬಣ್ಣ!” ಅಪ್ಪ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಿಟ್ಟಿನಲ್ಲಿ ಬಂಗಾಳಿ ಮರೆತು ಕನ್ನಡವೇ ಬಂದಿತ್ತು. ಆದರೂ ಜಗಳಕ್ಕೆ ಏನೂ ತೊಂದರೆಯಾಗಲಿಲ್ಲ. ಅವ್ವ ಚಹಾ ಇಟ್ಟಳು. ಬಿಶುಬಾಬು ಅದನ್ನು ಕುಡಿದು, ಬಿಟ್ಟಲ್ಲಿಂದ ಮತ್ತೆ ಶುರುಮಾಡಿದರು.

ಅವರು ಹೋದ ಮೇಲೆ ಅಪ್ಪ ಅವ್ವನ ಮುಖ ನೋಡಿದರು. “ಕೇಳಿದಿಲ್ಲೋ? ಬೈದ್ರು! ಮನೀತನಕ ಬಂದು ಬೈದ್ರು!” ಎಂದರು. ಅವರಿಗೆ ಖುಷಿ ತಡೆಯಲಾಗುತ್ತಿರಲಿಲ್ಲ.

ಸಭೆಯಲ್ಲಿ ಪುಕುರ್ ಗೆದ್ದಿತು, ಅದೂ ಕೂದಲೆಳೆಯ ಅಂತರದಲ್ಲಿ. ಹಾಲ್ ಇಲ್ಲದೆ ಬಿಶುಬಾಬುವಿನ ಮಗಳ ಮದುವೆ ರಸ್ತೆಯಲ್ಲೇ ಪೆಂಡಾಲ್ ಹಾಕಿ ಆಯಿತು. ಬಡಿಸಲು ಅಪ್ಪನೂ ನಿಂತಿದ್ದರು, ಬೈಸಿಕೊಳ್ಳುತ್ತಲೇ. ಮತ ಎಣಿಸುವ ಕೆಲಸಕ್ಕೆ ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಅಪ್ಪ ಈಗಿಲ್ಲ. ಬಿಶುಬಾಬು ಚಹದಂಗಡಿಯಲ್ಲಿ ಈಗ ಹೆಚ್ಚು ಮಾತಾಡುವುದಿಲ್ಲ.

ನಿನ್ನೆ ಅದೇ ರೇಡಿಯೋದವರು ಫೋನ್ ಮಾಡಿದ್ದರು. ಓಣಿಯ ತುದಿಯ ಹಳೆಯ ಆಲದಮರ ಕಡಿದು ಆಟೋ ಸ್ಟ್ಯಾಂಡ್ ಮಾಡಬೇಕೆ ಎಂಬ ಚರ್ಚೆ. ಸ್ಟ್ಯಾಂಡಿನ ಕಡೆಗೆ ಬಿಶುಬಾಬುವೇ. “ನೀವು ಪಾಟೀಲಬಾಬುವಿನ ಮಗಳು, ನ್ಯೂಟ್ರಲ್. ನಡುವಿನ ಕುರ್ಚಿ ನಿಮ್ಮದೇ” ಎಂದರು. ನಾನು ಉಬ್ಬಿಹೋಗಿ, ಯೋಚಿಸಿ ಹೇಳುತ್ತೇನೆ ಅಂದಿದ್ದೆ.

ಟೋಪಿಯನ್ನು ಬಿಸಿಲಿಗೆ ಹಾಕಿ, ಈಗಷ್ಟೇ ಅವರಿಗೆ ಫೋನ್ ಮಾಡಿದೆ. ಬರುತ್ತೇನೆ, ಆದರೆ ಮರದ ಕಡೆಯ ಕುರ್ಚಿ ಕೊಡಿ ಎಂದೆ.

“ಅಯ್ಯೋ ದೀದಿ, ಆಗ ಬಿಶುಬಾಬು ನಿಮ್ಮ ಮೇಲೆ ಜಗಳಕ್ಕೆ ಬರ್ತಾರಲ್ಲ?”

“ಬರಲಿ ಬಿಡಿ,” ಎಂದೆ. “ಚಹಾ ಇಟ್ಟಿರ್ತೀನಿ.”