ಮೇಲೆ ಜಟೆ, ಕೆಳಗೆ ಕುದುರೆ

ಮಾವನವರು ಅಕ್ಕಿ ಖರೀದಿಗೆ ಗಂಗಾವತಿಗೆ ಹೋಗಿದ್ದ ಒಂದು ಮುಂಜಾನೆ, ಕೊಪ್ಪಳದ ನಮ್ಮ ಮನೆಯ ಬೀದಿಗೋಡೆಯ ಮುಂದೆ ಮೂವರಿದ್ದೆವು. ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬದ ನಾನು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಾವನವರ ತಂಗಿ, ನನಗೆ ಸಣ್ಣತ್ತೆ. ಮತ್ತು ಅಂಟಿನ ಬಕೀಟು ಹಿಡಿದು ನಿಂತ ಡೇರೆ ಸಿನೆಮಾದ ಮ್ಯಾನೇಜರ್.

"ಆ ದೇವರ ಮಾರಿಗೆ ಅಂಟು ಬಡದೀ ಅಂದ್ರ ನಿನ್ನ ಕೈ ಮುರೀತೀನಿ ನೋಡು," ಎಂದು ಸಣ್ಣತ್ತೆ ಕಟ್ಟೆಯ ಮೇಲಿಂದಲೇ ಕೂಗಿದರು.

ಗೋಡೆಯ ಮೇಲಿದ್ದದ್ದು ಹಿಂದಿನ ಆಟದ ಪೋಸ್ಟರ್: ಜಟೆ, ಚಂದ್ರ, ಮುಖದ ಸುತ್ತ ಅರಿಸಿನದಷ್ಟು ಹಳದಿ ಪ್ರಭೆಯಿದ್ದ ಶಿವ. ಬೀದಿಯ ಹೆಂಗಸರು ಅದಕ್ಕೆ ವಿಭೂತಿ ಹಚ್ಚಿ, ಸೋಮವಾರ ಊದಿನಕಡ್ಡಿ ಬೆಳಗುತ್ತಿದ್ದರು. ಆ ಆಟ ನಡೆದ ದಿನಗಳಲ್ಲಿ ಸಣ್ಣತ್ತೆ ಚಳಿಜ್ವರ ಬಂದು ಮಲಗಿದ್ದರು. ನಲವತ್ತೈದು ದಾಟಿದ್ದರೂ ಅವರು ಒಂದೇ ಒಂದು ಸಿನೆಮಾ ಕಂಡವರಲ್ಲ. ದೇವರ ಆಟಕ್ಕೆ ಮಾತ್ರ ಅಣ್ಣನ ಅಪ್ಪಣೆ. ಅದು ತಪ್ಪಿದ ಮೇಲೆ ಮುಂದಿನ ದೇವರು ಯಾವ ವರ್ಷ ಬರುತ್ತಾನೋ ಎಂಬುದೇ ಅವರ ಸಂಕಟ.

ಮ್ಯಾನೇಜರ್ ಹಲ್ಲು ಕಿರಿದ. "ಮಾರಿ ಮುಟ್ಟಂಗಿಲ್ರೀ ಅಮ್ಮಾ," ಎಂದವನೇ ಹೊಸ ಪೋಸ್ಟರನ್ನು ನಡುವೆ ಹರಿದು, ಕೆಳಗಿನ ಅರ್ಧವನ್ನಷ್ಟೇ ಶಿವನ ಎದೆಯಿಂದ ಕೆಳಕ್ಕೆ ಅಂಟಿಸಿದ. ಕೆಂಪು ನೆಲ, ಕರಿ ಕುದುರೆ, ಕತ್ತಿ ಹಿಡಿದ ಕೈ, ಮೂಲೆಯಲ್ಲಿ ಗೆಜ್ಜೆ ಕಟ್ಟಿದ ಎರಡು ಕಾಲು. ಮೇಲೆ ಮಾತ್ರ ಅದೇ ಜಟಾಧಾರಿ.

ಅಷ್ಟಕ್ಕೇ ಹೋಗಬಾರದೆ? ತನ್ನ ವಿದ್ಯೆಯನ್ನು ನನಗೆ ಬಿಡಿಸಿ ಹೇಳತೊಡಗಿದ. "ಹಳದಿ ಪ್ರಭಾ ಕಂಡ್ರ ನಿಮ್ಮಂಥಾ ಮನಿತನದೋರು ಬರ್ತಾರ. ಕೆಂಪು, ಕತ್ತಿ ಕಂಡ್ರ ಗಂಜ್‌ನಾಗ ಕಾಳಿನ ಚೀಲ ಹೊರೋ ಹಮಾಲರು. ಕಣ್ಣೀರು ಕಂಡ್ರ ಇಲ್ಲೇ ಮಗ್ಗಲ ಭಾಗ್ಯನಗರದ ಹೆಣ್ಮಕ್ಕಳು. ಅಕ್ಷರ ಯಾರು ಓದ್ತಾರ್ರೀ ಇಲ್ಲಿ?"

ಅವನ ಮಟ್ಟಿಗೆ ನಾವು ಬಣ್ಣ ತೋರಿಸಿದ ಕಡೆ ಓಡುವ ದನ. ಹಿಂದೊಮ್ಮೆ ಬರೀ ಅಳುವಿನ ಆಟಕ್ಕೆ, ಗಂಡ ಕೈಯೆತ್ತಿದ ಚಿತ್ರವೊಂದನ್ನೇ ಕತ್ತರಿಸಿ ಗಂಜ್‌ನ ಗೋಡೆಗೆ ಹಚ್ಚಿದ್ದನಂತೆ. ಹೊಡೆದಾಟವೆಂದು ನುಗ್ಗಿದ ಹಮಾಲರು "ಇಡೀ ಆಟದಾಗ ಒಂದ ಏಟು, ಅದೂ ಹೆಂಡ್ತಿಗೆ!" ಎಂದು ಉಗಿದು ಹೋಗಿದ್ದರಂತೆ. ಇದನ್ನು ಅವನು ಹೆಮ್ಮೆಯಿಂದ ಹೇಳಿದ.

ಆದರೆ ಅವನೊಬ್ಬನನ್ನೇ ಬೈದರೆ ಅನ್ಯಾಯವಾದೀತು. ಧಾನ್ಯದ ವ್ಯಾಪಾರಿಯಾದ ನಮ್ಮ ಮಾವನವರಿಗೆ ಕನ್ನಡ, ಮರಾಠಿ, ಉರ್ದು ಮೂರೂ ಅಕ್ಷರ ಬರುತ್ತಿದ್ದವು. ಪೋಸ್ಟರಿನ ಮೇಲಿನ ಅಕ್ಷರವನ್ನು ಮಾತ್ರ ಅವರು ಎಂದೂ ಓದಿದವರಲ್ಲ. "ಒಂದ ಹಿಡಿ ಕಾಳು ನೋಡಿದ್ರ ಚೀಲ ಗೊತ್ತಾಗತೈತಿ ನನಗ," ಎನ್ನುವವರು. ಜೋಳಕ್ಕೆ ನಡೆಯುವುದು ಸಿನೆಮಾಕ್ಕೂ ನಡೆದೀತೆಂಬ ಗರ್ವ.

ಸಂಜೆ ಗಂಗಾವತಿಯಿಂದ ಬಂದ ಮಾವನವರು ಗೋಡೆಯ ಮುಂದೆ ಕೈ ಹಿಂದೆ ಕಟ್ಟಿ ನಿಂತರು. ಎದೆಯ ಹತ್ತಿರ ಎದ್ದು ಕಾಣುತ್ತಿದ್ದ ಅಂಟಿನ ಗೆರೆ ಅವರ ಕಣ್ಣಿಗೆ ಬೀಳಲಿಲ್ಲ.

"ಜಟಾ ಐತಿ, ಕುದುರಿ ಐತಿ, ಕೈಯಾಗ ಕತ್ತಿ ಐತಿ," ಎಂದು ಎಣಿಸಿ, "ಶಿವ ಕುದುರಿ ಏರ್ಯಾನ, ಮೈಲಾರಲಿಂಗನ ಆಟ ಬಂದೈತಿ!" ಎಂದು ಸಾರಿದರು.

ನನಗೆ ನಗು ತಡೆಯಲಾಗಲಿಲ್ಲ. "ಮೂಲ್ಯಾಗ ಗೆಜ್ಜಿಕಾಲು ಅದಾವಲ್ರೀ ಮಾವನೋರ?"

"ದೇವರ ಮುಂದ ಸೇವಾ ಮಾಡಾಕ ಹತ್ಯಾಳ. ಅಷ್ಟೂ ತಿಳಿಯಂಗಿಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಸಣ್ಣತ್ತೆ ನನ್ನತ್ತ ಒಮ್ಮೆ ನೋಡಿದರು. ಹರಿದು ಹಚ್ಚಿದ್ದನ್ನು ಇಬ್ಬರೂ ಕಣ್ಣಾರೆ ಕಂಡಿದ್ದೆವು. ಅವರು ಸೆರಗು ಸರಿಮಾಡಿಕೊಂಡು ತಣ್ಣಗೆ ಹೇಳಿದರು: "ಮೈಲಾರ ನಮ್ಮ ಮನಿದೇವರಲ್ಲೇನಣ್ಣಾ? ಬಾಗಲಿಗೆ ಬಂದಾಗ ಹೋಗದಿದ್ರ ಹೆಂಗ?"

ನಾನೂ ಹೌದೆಂದು ತಲೆಯಾಡಿಸಿದೆ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಡೇರೆಗೆ ಹೋದೆವು. ಮಾವನವರ ಕೈಯಲ್ಲಿ ತೆಂಗಿನಕಾಯಿ, ಮೈಲಾರನಿಗೆ ಎರಚುವ ಅರಿಸಿನಪುಡಿಯ ಭಂಡಾರ ಒಂದು ಚೀಲ. ಮ್ಯಾನೇಜರ್ ಮುಖದ ಗೆರೆಯೂ ಅಲುಗದಂತೆ ಕಾಯಿ ಇಸಿದುಕೊಂಡು ಡೇರೆಯ ಗೂಟಕ್ಕೇ ಒಡೆದ. ಒಂದು ಹೋಳನ್ನು ತಾನೇ ಇಟ್ಟುಕೊಂಡ.

ಹೆಂಗಸರ ಕಡೆ ಚಾಪೆ, ನಡುವೆ ಬಟ್ಟೆಯ ಪರದೆ. ಆಟ ಶುರುವಾದದ್ದೇ ಮುಸುಕು ಹಾಕಿದವನೊಬ್ಬ ಕುದುರೆ ಓಡಿಸಿಕೊಂಡು ಬಂದ, ನಾಲ್ಕು ಮಂದಿಯನ್ನು ಕೆಡವಿದ, ಆಮೇಲೆ ಕುಣಿತ. ಸಣ್ಣತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಅಣ್ಣ ಈಗ ಎದ್ದು ನಿಂತು "ನಡೀರಿ ಮನಿಗೆ" ಎಂದರೆ ಎಲ್ಲ ಮುಗಿದಂತೆ.

ಪರದೆಯ ಆಚೆ ಗಂಜ್‌ನ ಹಮಾಲನೊಬ್ಬನ ದನಿ ಕೇಳಿತು. "ಸಾವಕಾರ್ರ, ನೀವೂ ಹೊಡದಾಟದ ಆಟಕ್ಕ ಬಂದೀರೇನ್ರೀ?"

ಎದ್ದರೆ ತಪ್ಪು ಒಪ್ಪಿಕೊಂಡಂತೆ. ಊರಿಗೆಲ್ಲ ಮಾದರಿ ನೋಡಿ ಮಾಲು ಹೇಳುವ ಮನುಷ್ಯ ಅದು ಹೇಗೆ ಎದ್ದಾರು?

"ಸುಮ್ನ ಕುಂಡ್ರೋ," ಎಂದರು ಮಾವನವರು. "ದೇವರಿನ್ನೂ ಮುಸುಕಿನಾಗ ಅದಾನ."

ಕೊನೆಗೆ ಮುಸುಕು ತೆಗೆದಾಗ ಕಂಡದ್ದು ತೆಳ್ಳನೆಯ ಮೀಸೆಯ ಒಬ್ಬ ಹುಡುಗ. ಅಷ್ಟರಲ್ಲಿ ಸಣ್ಣತ್ತೆ ಮೂರು ಸಲ ಚಾಪೆ ಬಿಟ್ಟೆದ್ದು, "ಹಿಂದ ನೋಡೋ, ಹಿಂದ ಬಂದಾನ!" ಎಂದು ಕೂಗಿಯಾಗಿತ್ತು. ಪಕ್ಕದಲ್ಲಿದ್ದವಳೊಬ್ಬಳು "ಕುಂಡ್ರಬೇ ಯವ್ವಾ, ಅವನಿಗೇನು ಕೇಳತೈತಿ" ಎಂದು ಗದರಿದರೆ, "ಕೇಳಲಿಲ್ಲಂದ್ರ ತಿರುಗಿ ಹೆಂಗ ನೋಡಿದ?" ಎಂದು ತಿರುಗೇಟು ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಮಾವನವರು ಒಂದೇ ಮಾತಾಡಿದರು: "ಆಟದಾಗಿನ ದೇವರ ಭಾಗ ಕಡದ ಹಾಕ್ಯಾನ ಆ ಮ್ಯಾನೇಜರ, ಬದ್ಮಾಷ್."

ತಿಂಗಳ ಮೇಲೆ ಆ ಡೇರೆ ಕುಷ್ಟಗಿಯಲ್ಲಿ ಬೀಡುಬಿಟ್ಟಿತು. ಅಲ್ಲಿರುವ ತಮ್ಮ ದೊಡ್ಡಪ್ಪನ ಮಗಳಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಸಣ್ಣತ್ತೆ ಅಣ್ಣನಿಗೆ ಹೇಳಿ, ಜೊತೆಗೆ ನನ್ನನ್ನು ಕರೆದುಕೊಂಡು ಇದ್ದಿಲಿನಿಂದ ಓಡುವ ಬಸ್ಸು ಹತ್ತಿದರು. ಮೂರು ದಿನ ಇದ್ದೆವು, ಎರಡು ಆಟ ನೋಡಿದೆವು.