ಇಪ್ಪತ್ತಮೂರನೆಯ ನಡೆ

ನನ್ನ ಎಡಗೈಯ ಕಿರುಬೆರಳು ಇವತ್ತಿಗೂ ನೆಟ್ಟಗಿಲ್ಲ. ಬೇಲಾಪುರದ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಲೋಕಲ್ ಟ್ರೇನಿನ ಬಾಗಿಲಲ್ಲಿ ಸಿಕ್ಕಿತ್ತು ಅನ್ನುತ್ತೇನೆ. ಡೊಂಬಿವಲಿಯಲ್ಲಿ ಬೆಳೆದವಳು ಹೀಗೆಂದರೆ ಯಾರೂ ಅನುಮಾನಪಡುವುದಿಲ್ಲ. ಆದರೆ ಅದು ಸುಳ್ಳು. ಮುರಿದವರು ನಮ್ಮಪ್ಪ, ಚದುರಂಗದ ಮಣೆಯಿಂದ.

ಅಪ್ಪ ಧಾರವಾಡದ ಕಡೆಯವರು, ಠಾಣೆಯ ಕಂಪನಿಯೊಂದರಲ್ಲಿ ಗುಮಾಸ್ತರು. ಆರು ದಿನ ಸಾಹೇಬರ ಮುಂದೆ ತಲೆ ತಗ್ಗಿಸಿ ನಿಂತು ಬಂದ ಮನುಷ್ಯ ಏಳನೆಯ ದಿನ ಮನೆಯಲ್ಲಿ ಹುಲಿಯಾಗುತ್ತಿದ್ದರು. ಭಾನುವಾರ ತಿಂಡಿ ಆಗುತ್ತಲೇ ಹಳೆಯ ಮಹಾನ್ ಆಟಗಾರರ ಪಂದ್ಯಗಳ ಪುಸ್ತಕ ತೆರೆದು, ಮುಂದಿನ ನಡೆಗಳು ಕಾಣದಂತೆ ತಮ್ಮ ರೈಲ್ವೆ ಪಾಸನ್ನು ಅದರ ಮೇಲಿಟ್ಟು, ನನ್ನನ್ನು ಮಣೆಯ ಮುಂದೆ ಕೂರಿಸುತ್ತಿದ್ದರು. ಆ ಮಹಾಶಯ ಮುಂದೆ ಏನು ನಡೆಸಿದ ಎಂದು ನಾನು ಹೇಳಬೇಕು. ಸರಿಯಾದರೆ ಪಾಸು ಒಂದು ಸಾಲು ಕೆಳಗೆ ಜಾರುತ್ತಿತ್ತು. ತಪ್ಪಾದರೆ ಗೆಣ್ಣಿನ ಮೇಲೆ ಮರದ ಪಟ್ಟಿಯ ಏಟು. ಸೋಮವಾರ ಶಾಲೆಯಲ್ಲಿ ನನಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನ ಮಾತು. ಒಂದು ಪಂದ್ಯದ ಇಪ್ಪತ್ತಮೂರನೆಯ ನಡೆಗೆ ಬಂದಿದ್ದೆವು. ನಾನು ಆನೆಯನ್ನು ನಡುಸಾಲಿಗೆ ತರಬೇಕು ಅಂದೆ. ಅಪ್ಪ ಪಟ್ಟಿ ಬೀಸಿ, ಸರಿಯಾಗಿ ನೋಡು ಅಂದರು. ಮತ್ತೆ ಆನೆ ಅಂದೆ. ಇನ್ನೊಂದು ಏಟು ಬಿತ್ತು. ಮೂರನೆಯ ಸಲವೂ ಆನೆಯೇ ಅಂದೆ. ಪಾಸು ಸರಿಯಿತು. ಆ ಆಟಗಾರ ಅಲ್ಲಿ ಮಂತ್ರಿಯನ್ನೇ ಬಲಿ ಕೊಟ್ಟಿದ್ದ. ಪಕ್ಕದಲ್ಲಿ, ಅಮೋಘ ನಡೆ ಎನ್ನಲು, ಎರಡು ಆಶ್ಚರ್ಯಚಿಹ್ನೆ. ನನಗೂ ಹಟ ಹತ್ತಿತು. ಪುಸ್ತಕದವನದೇ ತಪ್ಪು ಅಂದುಬಿಟ್ಟೆ.

ಅಪ್ಪ ಮಣೆಯನ್ನು ಹಾಗೇ ಮಡಚಿದರು. ಕಾಯಿಗಳೆಲ್ಲ ಮನೆತುಂಬ ಚೆಲ್ಲಾಪಿಲ್ಲಿಯಾದವು. ಮೇಜಿನ ಮೇಲಿದ್ದ ನನ್ನ ಎಡಗೈಮೇಲೆ ಅವರು ಬೀಸಿದ ಮಣೆಯ ಅಂಚು ಬಿತ್ತು, ಕಿರುಬೆರಳು ಲಟಕ್ ಎಂದಿತು. ಡಾಕ್ಟರು ಬಾಯಿ ತೆರೆಯುವ ಮೊದಲೇ ಅಮ್ಮ, ಲೋಕಲ್ ಬಾಗಿಲಲ್ಲಿ ಸಿಕ್ಕಿತು ಅಂದಳು. ಬರುವಾಗ ಸ್ಟೇಷನ್ನಿನ ಹೊರಗೆ ನನಗೆ ಕಬ್ಬಿನ ಹಾಲು ಕುಡಿಸಿದಳು.

ಅವತ್ತಿನಿಂದ ನಾನು ಕಾಯಿ ಮುಟ್ಟಲಿಲ್ಲ. ತಲೆಯಲ್ಲಿ ಮಾತ್ರ ದಿನಾ ಆ ಆನೆಯನ್ನು ನಡೆಸಿದೆ, ದಿನಾ ಗೆದ್ದೆ. ನನ್ನದೇ ಸರಿ, ಒಂದಲ್ಲ ಒಂದು ದಿನ ಅವರ ಮುಖಕ್ಕೆ ಹಿಡಿದು ತೋರಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹನ್ನೆರಡು ವರ್ಷ ಕಳೆದೆ.

ಈ ನಡುವೆ ಕೆಲಸ ಸಿಕ್ಕಿತು, ಠಾಣೆಯ ನೌಪಾಡಾದಲ್ಲಿ ಬಾಡಿಗೆ ಕೋಣೆ ಹಿಡಿದೆ, ಲ್ಯಾಪ್‌ಟಾಪ್ ಬಂತು. ಎಂಥ ಮಹಾರಥಿಯ ಆಟವನ್ನೂ ಕ್ಷಣದಲ್ಲಿ ಬಗೆದು ಹುಳುಕು ತೋರಿಸುವ ಚೆಸ್ ಎಂಜಿನ್ ಪುಕ್ಕಟೆ ಸಿಗುತ್ತಿತ್ತು. ಅದನ್ನು ಹಾಕಿಕೊಂಡು ಭಾನುವಾರ ಭಾನುವಾರ ಡೊಂಬಿವಲಿಗೆ ಹೋಗತೊಡಗಿದೆ. ಅಪ್ಪ ಆಗಲೇ ರಿಟೈರ್ ಆಗಿದ್ದರು. ಅವರ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಎಳೆತಂದು ಅವರ ಕಣ್ಣೆದುರೇ ಕಡಿದೆ. ಈ ಬಲಿ ಪೊಳ್ಳು, ಎದುರಿನವನು ಹೆದರಿ ಸೋತ, ಇಲ್ಲಿ ನಿಮ್ಮಾತ ಕುರುಡ ಅನ್ನುತ್ತಿದ್ದೆ. ಅಪ್ಪ ಮೊದಮೊದಲು ವಾದ ಮಾಡಿದರು, ಬರಬರುತ್ತಾ ಎದ್ದು ಹೊರಗಿನ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದರು. ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ನನ್ನ ಬೆರಳಿನ ಪಂದ್ಯವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಪುಸ್ತಕದಲ್ಲಿ ಅವಧಿ ಮುಗಿದ ಪಾಸು ಇನ್ನೂ ಇತ್ತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆಗಳನ್ನು ಒಂದೊಂದಾಗಿ ಲ್ಯಾಪ್‌ಟಾಪಿಗೆ ತುಂಬಿದೆ. ಅವರು ಮಣೆಯ ಮೇಲೂ ಕಾಯಿ ನಡೆಸುತ್ತಾ ಬಂದರು. ಇಪ್ಪತ್ತಮೂರನೆಯದಕ್ಕೆ ಎಂಜಿನ್ನು ತಡಮಾಡಲಿಲ್ಲ. ಮಂತ್ರಿಯನ್ನು ಕೊಡು, ಮುಂದೆ ಒಂಬತ್ತು ನಡೆಗೆ ಚೆಕ್‌ಮೇಟ್ ಅಂದಿತು. ನನ್ನ ಆನೆಯನ್ನು ನಡೆಸಿ ನೋಡಿದೆ. ಎದುರಿನ ಕುದುರೆ ನೆಗೆದು ಬಂದು ಎಲ್ಲ ಮುಗಿಸಿತು. ಹತ್ತು ನಿಮಿಷ ಬಿಟ್ಟೆ, ಎಂಜಿನ್ನು ಮನಸ್ಸು ಬದಲಾಯಿಸೀತೆಂದು. ನನ್ನ ನಡೆಗೆ ಅದು ಕೊಟ್ಟ ಅಂಕಿ ಇಳಿಯುತ್ತಲೇ ಹೋಯಿತು.

ಅಪ್ಪ ತೊಡೆ ತಟ್ಟಿ ನಕ್ಕರು. "ನೋಡವಾ, ನಿನ್ನ ಮಶೀನೂ ನನ್ನ ಕಡೀನ ಅದ."

ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೆರಡು ವರ್ಷ ನಾನು ಹಿಡಿದುಕೊಂಡಿದ್ದ ಹಗ್ಗ ಕಿತ್ತು ಕೈಗೆ ಬಂದಿತ್ತು. ನನ್ನ ನಡೆ ತಪ್ಪು. ಸರಿ, ತಪ್ಪೇ. ಅದಕ್ಕೆ ಬೆರಳು ಮುರಿಯುತ್ತಾರೆಯೇ? ಕೈಯನ್ನು ಅವರ ಕಣ್ಣ ಮುಂದೆ ಹಿಡಿದೆ.

"ಹಂಗಾದ್ರ ಇದು?"

ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅದು ಲೋಕಲ್ ಬಾಗಲದಾಗ ಸಿಕ್ಕಿದ್ದಲ್ಲ?"

ಎಷ್ಟು ಸಹಜವಾಗಿ ಅಂದರೆಂದರೆ, ಒಂದು ಗಳಿಗೆ ನನಗೇ ಅನುಮಾನ ಬಂತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಚಹಾದ ಕಪ್ಪು ಹಿಡಿದು ನಿಂತಿದ್ದಳು. ನಾನು ಕಾಯಿಗಳನ್ನೆಲ್ಲ ನೆಲಕ್ಕೆ ಗುಡಿಸಿಹಾಕಿ ಮಣೆಯನ್ನು ಮಡಚಿದೆ. ಅದೇ ಹಳೆಯ ಮಣೆ.

"ಕೈ ಇಡ್ರಿ ಇಲ್ಲೆ," ಅಂದೆ.

ತಮಾಷೆ ಅಂದುಕೊಂಡರೋ ಏನೋ, ಮೇಜಿನ ಮೇಲೆ ಕೈಯಿಟ್ಟರು. ನಾನು ಎರಡೂ ಕೈಯಿಂದ ಮಣೆಯನ್ನು ತಲೆಯ ಮೇಲಕ್ಕೆ ಎತ್ತಿದೆ. ಹೊಡೆಯಲೆಂದೇ ಎತ್ತಿದ್ದೆ. ಅಮ್ಮ ಬೇಡ ಅನ್ನಲಿಲ್ಲ. ಅಪ್ಪನ ಕೈ ಸರ್ರನೆ ಹಿಂದಕ್ಕೆ ಹೋಗಿ ಎದೆಗೆ ಅಂಟಿತು. ಇನ್ನೊಂದು ಕೈಯಿಂದ ಅವರು ಮುಚ್ಚಿ ಹಿಡಿದುಕೊಂಡದ್ದು ಅದರ ಕಿರುಬೆರಳನ್ನು.

"ನೆನಪದ ಅಲ್ಲ ಅಪ್ಪಾ?"

ಅಪ್ಪ ತಲೆ ತಗ್ಗಿಸಿದರು.

"ಅದ," ಅಂದರು.

ಆಮೇಲೆಯೇ ನಾನು ಮಣೆಯನ್ನು ಕೆಳಗಿಳಿಸಿದೆ.